ಸಂಖ್ಯೆಯೇ ಇಲ್ಲದ ಒಂದು ಪ್ರಶ್ನೆ ಕೇಳಿ: ಭೌತಶಾಸ್ತ್ರದ ಪಠ್ಯ ಮತ್ತು ಪರೀಕ್ಷೆ ರೂಪಿಸುವವರಿಗೆ ಬಹಿರಂಗ ಪತ್ರ

ಗೆ,
ಭೌತಶಾಸ್ತ್ರದ ಪಠ್ಯಪುಸ್ತಕ ರೂಪಿಸುವವರಿಗೆ ಮತ್ತು ಪ್ರಶ್ನೆಪತ್ರಿಕೆ ತಯಾರಿಸುವವರಿಗೆ

ಮಾನ್ಯರೇ,

ನಾನು ಚಲನೆ ಮತ್ತು ಬಲದ ಪಾಠಗಳನ್ನು ಈಚೆಗಷ್ಟೇ ಮುಗಿಸಿದ ವಿದ್ಯಾರ್ಥಿ. ಪಾಸಾಗಿದ್ದೇನೆ. ಮಾರ್ಕ್ಸೂ ಚೆನ್ನಾಗೇ ಬಂದಿವೆ. ಹಾಗಾಗಿ ಇದು ಮಾರ್ಕ್ಸ್ ಕಡಿಮೆ ಬಂತು ಅಂತ ಬರೆಯುತ್ತಿರುವ ದೂರಲ್ಲ. ಅಷ್ಟು ಸುಲಭವಾಗಿ ಹೇಗೆ ಬಂತು ಅನ್ನೋದೇ ನನ್ನ ತಕರಾರು. ಬಲ ಅಂದರೆ ಏನು, ಅದು ಚಲನೆಗೆ ಏನು ಮಾಡುತ್ತದೆ ಅಂತ ಒಂದು ಸಲವೂ ಯೋಚಿಸದೆ ನಿಮ್ಮ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಪೂರ್ತಿ ಅಂಕ ತೆಗೆಯಬಹುದು. ನಮ್ಮ ತರಗತಿಯಲ್ಲಿ ಬಹಳ ಜನ ತೆಗೆದರು.

ನೀವು ಕೇಳುವ ಪ್ರಶ್ನೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ನಿಂತಲ್ಲಿಂದ ಹೊರಟ ಕಾರಿನ ವೇಗೋತ್ಕರ್ಷ (ವೇಗ ಬದಲಾಗುವ ದರ) ಇಷ್ಟು, 5 ಸೆಕೆಂಡಿನಲ್ಲಿ ಅದು ಕ್ರಮಿಸಿದ ದೂರ ಎಷ್ಟು. ನಾವು ಮೊದಲು 'ದತ್ತ' ಅಂತ ಬರೆಯುತ್ತೇವೆ. ಕೆಳಗೆ ಸೂತ್ರ ಬರೆಯುತ್ತೇವೆ. ಬೆಲೆ ಹಾಕುತ್ತೇವೆ. ವೇಗೋತ್ಕರ್ಷ 2 ಇದ್ದರೆ ಉತ್ತರ 25 ಮೀಟರ್, ಯುನಿಟ್ ಮರೆಯದಿದ್ದರೆ ಪೂರ್ತಿ ಅಂಕ. ಅದೇ ಲೆಕ್ಕವನ್ನು ಈಗಷ್ಟೇ ಸರಿಯಾಗಿ ಮಾಡಿದವರನ್ನು ಪೆನ್ನು ಕೆಳಗಿಡಿಸಿ, 10 ಸೆಕೆಂಡಿನಲ್ಲಿ ಎಷ್ಟು ದೂರ ಹೋಗಿರುತ್ತದೆ, ಸುಮ್ನೆ ಅಂದಾಜು ಹೇಳಿ ಅಂತ ಕೇಳಿ ನೋಡಿ. 50 ಅಂತ ಹೇಳುವವರೇ ಜಾಸ್ತಿ. ಸಮಯ ಎರಡು ಪಟ್ಟಾದರೆ ದೂರವೂ ಎರಡು ಪಟ್ಟು, ಅಲ್ವಾ? ಅಲ್ಲ. ಅದು 100 ಮೀಟರ್, ನಾಲ್ಕು ಪಟ್ಟು. ಸೂತ್ರದಲ್ಲೇ ಟಿ ವರ್ಗ, ಅಂದರೆ ಸಮಯದ ವರ್ಗ, ಅಂತ ಇದೆ. ನಾವು ಅದನ್ನು ನೂರು ಸಲ ಬರೆದಿರುತ್ತೇವೆ. ಆ ವರ್ಗ ಅಲ್ಲಿ ಯಾಕಿದೆ ಅಂತ ಯಾರೂ ಕೇಳಿರುವುದಿಲ್ಲ, ಯಾಕೆಂದರೆ ಕೇಳಿದರೆ ಅದಕ್ಕೆ ಮಾರ್ಕ್ಸ್ ಇಲ್ಲ.

ಇದು ಬರೀ ಪುಸ್ತಕದ ವಿಷಯವೂ ಅಲ್ಲ. ಬ್ರೇಕ್ ಹಾಕಿದಾಗ ವಾಹನದ ವೇಗ ಸೆಕೆಂಡಿಗೆ 7 ಮೀಟರ್‌ನಷ್ಟು ಇಳಿಯುತ್ತಾ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿದ್ದರೆ ಸುಮಾರು 5 ಮೀಟರ್‌ನಲ್ಲಿ ನಿಲ್ಲುತ್ತದೆ. 60ರಲ್ಲಿದ್ದರೆ 10 ಅಲ್ಲ, ಸುಮಾರು 20 ಮೀಟರ್ ಬೇಕು. ಚಾಲಕ ಬ್ರೇಕ್ ಮುಟ್ಟುವ ಮೊದಲು ಹೋದ ದೂರ ಇದರಲ್ಲಿ ಸೇರಿಲ್ಲ. ಮುಂದೆ ಭೌತಶಾಸ್ತ್ರ ಓದದವರೂ ರಸ್ತೆಗೆ ಇಳಿಯುತ್ತಾರೆ. ಅವರಿಗೆ ಈ ಪಾಠದಿಂದ ಒಂದೇ ಒಂದು ವಿಷಯ ಉಳಿಯಬೇಕು ಅಂದರೆ ಇದೇ ಉಳಿಯಬೇಕು ಅಂತ ನನ್ನ ಅಭಿಪ್ರಾಯ.

ತರಗತಿಯಲ್ಲಿ ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ನೇರ ಮೇಲಕ್ಕೆ ಎಸೆದ ಚೆಂಡಿನ ಲೆಕ್ಕಗಳೆಲ್ಲ ಮುಗಿದಿದ್ದವು. ಒಬ್ಬ ಹುಡುಗಿ ಎದ್ದು ನಿಂತು, "ಸರ್, ಚೆಂಡು ತುತ್ತತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತಲ್ಲ, ಆಗ ಅದರ ವೇಗೋತ್ಕರ್ಷ ಎಷ್ಟು?" ಅಂತ ಕೇಳಿದಳು. ಸರ್ ಆ ಪ್ರಶ್ನೆಯನ್ನು ತರಗತಿಗೇ ಕೇಳಿದರು. ಬಹುತೇಕ ಎಲ್ಲರೂ ಸೊನ್ನೆ ಅಂದರು. ಸರ್, "ಅಲ್ಲ, 9.8. ಬರೆದುಕೊಳ್ಳಿ" ಅಂದರು. ಬರೆದುಕೊಂಡೆವು. ಮುಂದಿನ ಲೆಕ್ಕಕ್ಕೆ ಹೋದೆವು. ಆ ಹುಡುಗಿ ಕೂತಳು, ಮತ್ತೆ ಏನೂ ಕೇಳಲಿಲ್ಲ.

ಆ ಜಾಗದಲ್ಲಿ ಐದು ನಿಮಿಷ ನಿಂತಿದ್ದರೆ ಏನಾಗುತ್ತಿತ್ತು ನೋಡಿ. ತುದಿಗೆ ಮುಟ್ಟುವ ಒಂದು ಸೆಕೆಂಡ್ ಮೊದಲು ಚೆಂಡು ಸೆಕೆಂಡಿಗೆ 9.8 ಮೀಟರ್ ವೇಗದಲ್ಲಿ ಮೇಲಕ್ಕೆ ಹೋಗುತ್ತಿರುತ್ತದೆ. ತುದಿ ದಾಟಿದ ಒಂದು ಸೆಕೆಂಡ್ ನಂತರ ಅಷ್ಟೇ ವೇಗದಲ್ಲಿ ಕೆಳಕ್ಕೆ ಬರುತ್ತಿರುತ್ತದೆ. ಈ ಎರಡು ಸೆಕೆಂಡ್ ಉದ್ದಕ್ಕೂ ವೇಗ ಒಂದೇ ಸಮನೆ ಬದಲಾಗುತ್ತಾ ಬಂದಿದೆ. ಆ ದಾರಿಯಲ್ಲಿ ವೇಗ ಸೊನ್ನೆಯನ್ನು ದಾಟಿ ಹೋಗುವ ಕ್ಷಣವೇ ತುದಿ, ಅಷ್ಟೇ. ಅಲ್ಲಿ ವೇಗವೂ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಆಗಿ ಹಾಗೇ ಉಳಿದರೆ ಚೆಂಡು ಗಾಳಿಯಲ್ಲೇ ನೇತಾಡಿಕೊಂಡು ಇರಬೇಕಿತ್ತು. ಇಷ್ಟು ಹೇಳಿದ್ದರೆ ವೇಗ ಬೇರೆ, ವೇಗ ಬದಲಾಗುವ ದರ ಬೇರೆ ಅನ್ನೋದು ಇಡೀ ತರಗತಿಗೆ ಹೊಳೆಯುತ್ತಿತ್ತು. ಆದರೆ ಸರ್ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಪೋರ್ಷನ್ ಮುಗಿಸುವ ಒತ್ತಡ. ಪರೀಕ್ಷೆಗೆ ಬರುವುದನ್ನು ಅವರು ಕಲಿಸುತ್ತಾರೆ. ಪರೀಕ್ಷೆಗೆ ಏನು ಬರಬೇಕು ಅಂತ ತೀರ್ಮಾನ ಮಾಡುವವರು ನೀವು, ಅದಕ್ಕೇ ಈ ಪತ್ರ ನಿಮಗೆ.

ಇನ್ನು ಬಲದ ವಿಷಯ. ಮೇಲಕ್ಕೆ ಹೋಗುತ್ತಿರುವ ಅದೇ ಚೆಂಡಿನ ಮೇಲೆ ಯಾವ ಯಾವ ಬಲ ಇದೆ, ಬಾಣದ ಗುರುತು ಹಾಕಿ ಅಂದರೆ ನಮ್ಮಲ್ಲಿ ಹೆಚ್ಚಿನವರು ಎರಡು ಬಾಣ ಹಾಕುತ್ತಾರೆ. ಕೆಳಕ್ಕೆ ಗುರುತ್ವ, ಮೇಲಕ್ಕೆ 'ಕೈಯ ಬಲ'. ಕೈ ಬಿಟ್ಟು ಎಷ್ಟೋ ಹೊತ್ತಾಗಿದೆ, ಆದರೂ ಕೈಯ ಬಲ ಚೆಂಡಿನ ಒಳಗೆ ಕೂತು ತಳ್ಳುತ್ತಿದೆ ಅಂತ ನಂಬಿಕೆ. ಇದು ನಮ್ಮ ತರಗತಿಯ ದಡ್ಡತನ ಅಂದುಕೊಳ್ಳಬೇಡಿ. ಜಾನ್ ಕ್ಲೆಮೆಂಟ್ ಅನ್ನುವ ಸಂಶೋಧಕರು ಮೇಲಕ್ಕೆ ಚಿಮ್ಮಿದ ನಾಣ್ಯದ ಬಗ್ಗೆ ಇದೇ ಪ್ರಶ್ನೆಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೇಳಿ 1982ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಅಲ್ಲೂ ಬಹುಪಾಲು ಜನ ಮೇಲ್ಮುಖ ಬಾಣ ಹಾಕಿದ್ದರು. ಅದಕ್ಕೂ ಬಹಳ ಹಿಂದೆ, ಚಲನೆ ಇರಬೇಕಾದರೆ ತಳ್ಳುವವರು ಇರಲೇಬೇಕು ಅಂತ ಅರಿಸ್ಟಾಟಲ್ ಹೇಳಿದ್ದ. ಅದು ಪೂರ್ತಿ ಕಳಚಿ ನ್ಯೂಟನ್ ತನ್ನ ಮೂರು ನಿಯಮಗಳನ್ನು ಪ್ರಕಟಿಸಿದ್ದು 1687ರಲ್ಲಿ. ನಡುವೆ ಸುಮಾರು ಎರಡು ಸಾವಿರ ವರ್ಷ. ಅಷ್ಟು ಕಾಲ ಹಿಡಿದ ಮಾತನ್ನು ನೀವು ನಮಗೆ ಒಂದು ಪೀರಿಯಡ್‌ನಲ್ಲಿ, ಚೌಕಟ್ಟು ಹಾಕಿದ ಎರಡು ಸಾಲಿನಲ್ಲಿ ಕೊಡುತ್ತೀರಿ. ನಿಯಮ ಬರೆಯಿರಿ, 2 ಅಂಕ.

ಮೊದಲನೇ ನಿಯಮವನ್ನು ನಾವು ನಂಬುವುದಿಲ್ಲ. ಬಾಯಿಪಾಠ ಮಾಡುತ್ತೇವೆ, ನಂಬುವುದಿಲ್ಲ. ಯಾಕೆಂದರೆ ಹುಟ್ಟಿದಾಗಿನಿಂದ ನೋಡಿದ್ದೆಲ್ಲ ಅದಕ್ಕೆ ಉಲ್ಟಾ. ತಳ್ಳಿದ ಮೇಜು ತಳ್ಳುವುದು ಬಿಟ್ಟ ಕೂಡಲೇ ನಿಲ್ಲುತ್ತದೆ. ಉರುಳಿದ ಚೆಂಡು ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಪುಸ್ತಕ ಮಾತ್ರ 'ಹೊರಗಿನ ಬಲ ಇಲ್ಲದಿದ್ದರೆ ಚಲಿಸುತ್ತಲೇ ಇರುತ್ತದೆ' ಅನ್ನುತ್ತದೆ. ಇದಕ್ಕೂ ಅದಕ್ಕೂ ನಡುವೆ ಇರುವುದು ಘರ್ಷಣೆ. ಆ ಘರ್ಷಣೆಯ ಬಗ್ಗೆ ನನ್ನ ಪುಸ್ತಕ ಮಾತಾಡಿದ್ದು ಹಲವು ಪುಟಗಳಾದ ಮೇಲೆ. ಆ ವೇಳೆಗೆ ಮೊದಲನೇ ನಿಯಮ 'ಪರೀಕ್ಷೆಗೆ ಬರೆಯುವ ಮಾತು' ಅಂತ ತಲೆಯಲ್ಲಿ ಕೂತು ಆಗಿತ್ತು.

ಗೆಲಿಲಿಯೋ ಇದನ್ನು ಎಷ್ಟು ಚೆನ್ನಾಗಿ ಹೇಳಿದ್ದಾನೆ ಅಂತ ನನಗೆ ಗೊತ್ತಾಗಿದ್ದು ಪರೀಕ್ಷೆ ಮುಗಿದ ಮೇಲೆ, ಸ್ವಂತ ಓದಿನಿಂದ. ಎದುರುಬದುರು ಎರಡು ಇಳಿಜಾರು. ಒಂದರಿಂದ ಚೆಂಡು ಬಿಟ್ಟರೆ ಇನ್ನೊಂದರಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಏರುತ್ತದೆ. ಎರಡನೆಯದನ್ನು ಸ್ವಲ್ಪ ತಗ್ಗಿಸಿ, ಅದೇ ಎತ್ತರ ಮುಟ್ಟಲು ಚೆಂಡು ಇನ್ನೂ ದೂರ ಹೋಗಬೇಕು. ಇನ್ನೂ ತಗ್ಗಿಸಿ, ಇನ್ನೂ ದೂರ. ಪೂರ್ತಿ ಮಟ್ಟಸ ಮಾಡಿದರೆ? ಆ ಎತ್ತರ ಎಂದೂ ಸಿಗುವುದಿಲ್ಲ, ಹಾಗಾಗಿ ಚೆಂಡು ನಿಲ್ಲಲು ಕಾರಣವೇ ಇಲ್ಲ. ನನಗಂತೂ ಇದನ್ನು ಓದಿದಾಗ ಮೈ ಜುಮ್ಮೆಂದಿತು. ಇದಕ್ಕೆ ಸೂತ್ರ ಬೇಕಿಲ್ಲ, ಲ್ಯಾಬೂ ಬೇಕಿಲ್ಲ. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆ ಇವತ್ತಿಗೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ, ಹಿಂದಿನಿಂದ ಯಾವ ಎಂಜಿನ್ನೂ ಅದನ್ನು ತಳ್ಳುತ್ತಿಲ್ಲ. ಇವೆರಡನ್ನು ಪಕ್ಕಪಕ್ಕ ಇಟ್ಟು ಘರ್ಷಣೆಯನ್ನೂ ಅದೇ ಪುಟದಲ್ಲಿ ತಂದಿದ್ದರೆ ಸಾಕಿತ್ತು.

ಪ್ರತಿ ಕ್ರಿಯೆಗೂ ಅಷ್ಟೇ ಪ್ರಮಾಣದ ವಿರುದ್ಧ ಪ್ರತಿಕ್ರಿಯೆ ಇರುತ್ತದೆ ಅನ್ನುವ ಮೂರನೇ ನಿಯಮದ ಕಥೆ ಇನ್ನೂ ಬೇಸರದ್ದು. ಮೇಜಿನ ಮೇಲೆ ಪುಸ್ತಕ ಇದೆ, ಕ್ರಿಯೆ-ಪ್ರತಿಕ್ರಿಯೆಗೆ ಉದಾಹರಣೆ ಕೊಡಿ. ನಾವು ಓದಿದ ಒಂದು ಗೈಡ್‌ನಲ್ಲಿ ಇದ್ದ ಉತ್ತರ: ಪುಸ್ತಕದ ತೂಕ ಕ್ರಿಯೆ, ಮೇಜು ಮೇಲಕ್ಕೆ ಒತ್ತುವ ಬಲ ಪ್ರತಿಕ್ರಿಯೆ. ಹಾಗೆ ಬರೆದವರಿಗೆ ತರಗತಿಯ ಪರೀಕ್ಷೆಯಲ್ಲಿ ಅಂಕವೂ ಸಿಕ್ಕಿತು. ಇದು ತಪ್ಪು. ಆ ಎರಡೂ ಬಲ ಪುಸ್ತಕದ ಮೇಲೇ ಇವೆ. ಕ್ರಿಯೆ-ಪ್ರತಿಕ್ರಿಯೆ ಯಾವತ್ತೂ ಎರಡು ಬೇರೆ ಬೇರೆ ವಸ್ತುಗಳ ಮೇಲೆ ಇರಬೇಕು. ಭೂಮಿ ಪುಸ್ತಕವನ್ನು ಎಳೆಯುತ್ತದೆ, ಪುಸ್ತಕ ಭೂಮಿಯನ್ನು ಅಷ್ಟೇ ಬಲದಿಂದ ಎಳೆಯುತ್ತದೆ, ಇದು ಒಂದು ಜೋಡಿ. ಮೇಜು ಪುಸ್ತಕವನ್ನು ಮೇಲಕ್ಕೆ ಒತ್ತುತ್ತದೆ, ಪುಸ್ತಕ ಮೇಜನ್ನು ಕೆಳಕ್ಕೆ ಒತ್ತುತ್ತದೆ, ಇದು ಇನ್ನೊಂದು. ಅನುಮಾನ ಇದ್ದರೆ ಆ ಮೇಜನ್ನು ಲಿಫ್ಟಿನಲ್ಲಿಡಿ. ಲಿಫ್ಟ್ ಮೇಲಕ್ಕೆ ಹೊರಟು ವೇಗ ಪಡೆಯುತ್ತಿರುವಾಗ ಮೇಜು ಒತ್ತುವ ಬಲ ಪುಸ್ತಕದ ತೂಕಕ್ಕಿಂತ ಜಾಸ್ತಿ ಇರುತ್ತದೆ. ಕ್ರಿಯೆ-ಪ್ರತಿಕ್ರಿಯೆ ಆಗಿದ್ದರೆ ಅವು ಎಂದೂ ಹೆಚ್ಚುಕಡಿಮೆ ಆಗುವಂತಿಲ್ಲ.

ಈ ಒಂದು ತಪ್ಪಿನಿಂದಲೇ, ಗಾಡಿ ಎಳೆಯುವ ಕುದುರೆಯ ಹಳೇ ಪ್ರಶ್ನೆ ಬಂದಾಗ ಎಲ್ಲರೂ ಸಿಕ್ಕಿಬೀಳುತ್ತಾರೆ. ಕುದುರೆ ಗಾಡಿಯನ್ನು ಎಷ್ಟು ಎಳೆಯುತ್ತದೋ ಗಾಡಿಯೂ ಕುದುರೆಯನ್ನು ಅಷ್ಟೇ ಹಿಂದಕ್ಕೆ ಎಳೆದರೆ ಗಾಡಿ ಮುಂದೆ ಹೋಗುವುದು ಹೇಗೆ? ಅವು ಒಂದನ್ನೊಂದು ರದ್ದು ಮಾಡುವುದೇ ಇಲ್ಲ, ಯಾಕೆಂದರೆ ಒಂದು ಗಾಡಿಯ ಮೇಲಿದೆ, ಇನ್ನೊಂದು ಕುದುರೆಯ ಮೇಲಿದೆ. ಗಾಡಿಯ ಮಟ್ಟಿಗೆ ನೋಡಬೇಕಾದ್ದು ಕುದುರೆಯ ಎಳೆತ ಚಕ್ರಕ್ಕೆ ಬರುವ ತಡೆಗಿಂತ ಜಾಸ್ತಿನಾ ಅಂತ ಮಾತ್ರ. ಕುದುರೆಯ ಮಟ್ಟಿಗೆ, ಅದು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಕುದುರೆಯನ್ನು ಮುಂದಕ್ಕೆ ತಳ್ಳುತ್ತದೆ. ಹೌದು, ಘರ್ಷಣೆಯೇ ಮುಂದಕ್ಕೆ ತಳ್ಳುವುದು. 'ಘರ್ಷಣೆ ಚಲನೆಯನ್ನು ವಿರೋಧಿಸುತ್ತದೆ' ಅಂತ ಅಡಿಗೆರೆ ಎಳೆದು ಓದಿಸಿದ್ದೀರಲ್ಲ, ನಡೆಯುವವರು ನೆಲವನ್ನು ಹಿಂದಕ್ಕೆ ಒತ್ತಿದಾಗ ಅವರ ಕಾಲಡಿಯಲ್ಲೂ ಅದು ಮುಂದಕ್ಕೇ ಇರುತ್ತದೆ.

10,000 ಕೆಜಿ ಲಾರಿ 1,000 ಕೆಜಿ ಕಾರಿಗೆ ಗುದ್ದಿದರೆ ಯಾವುದರ ಮೇಲೆ ಜಾಸ್ತಿ ಬಲ ಅಂತ ಕೇಳಿದರೆ, ಮೂರನೇ ನಿಯಮವನ್ನು ಅಕ್ಷರ ಬಿಡದೆ ಬರೆದವರೂ ಕಾರು ಅನ್ನುತ್ತಾರೆ. ಎರಡರ ಮೇಲೂ ಅಷ್ಟೇ ಬಲ. ಕಾರಿನ ವೇಗೋತ್ಕರ್ಷ ಮಾತ್ರ ಹತ್ತು ಪಟ್ಟು. ಮೂರನೇ ನಿಯಮ ಎಲ್ಲಿ ಮುಗಿದು ಎರಡನೆಯದು (ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ) ಎಲ್ಲಿ ಶುರುವಾಗುತ್ತದೆ ಅಂತ ಈ ಒಂದೇ ಪ್ರಶ್ನೆಯಲ್ಲಿ ತೋರಿಸಬಹುದಿತ್ತು. 1971ರಲ್ಲಿ ಅಪೋಲೋ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬೀಳಿಸಿದ ವಿಡಿಯೋ ನಮಗೆ ತೋರಿಸಿದರು. ಎಲ್ಲರೂ ಚಪ್ಪಾಳೆ ಹೊಡೆದೆವು. ಸುತ್ತಿಗೆಯನ್ನು ಎಳೆಯುವ ಬಲ ಅಷ್ಟೊಂದು ಜಾಸ್ತಿ ಇದ್ದೂ ಅದು ಮೊದಲು ಯಾಕೆ ಬೀಳಲಿಲ್ಲ ಅಂತ ಯಾರೂ ಕೇಳಲಿಲ್ಲ. ಬಲ ಎಷ್ಟು ಪಟ್ಟು ಜಾಸ್ತಿಯೋ ದ್ರವ್ಯರಾಶಿಯೂ ಅಷ್ಟೇ ಪಟ್ಟು ಜಾಸ್ತಿ, ಭಾಗಿಸಿದರೆ ಒಂದೇ. ಎರಡನೇ ನಿಯಮ ಕಣ್ಣೆದುರು ನಡೆದಿತ್ತು, ಅದನ್ನು ಸಿನಿಮಾ ನೋಡಿದ ಹಾಗೆ ನೋಡಿ ಎದ್ದು ಬಂದೆವು.

ಲ್ಯಾಬ್ ಬಗ್ಗೆಯೂ ಹೇಳಲೇಬೇಕು, ಅಲ್ಲಿ ನಡೆಯುವುದಕ್ಕೆ ಬೇರೆ ಹೆಸರೇ ಇಡಬೇಕು. ಲೋಲಕ ತೂಗಿಸಿ ಗುರುತ್ವದ ವೇಗೋತ್ಕರ್ಷ, ಅದೇ 9.8, ಕಂಡುಹಿಡಿಯುವ ಪ್ರಯೋಗ. ಒಂದು ಮೀಟರ್ ದಾರ, 20 ಆಂದೋಲನ, ಸುಮಾರು 40 ಸೆಕೆಂಡ್. ಪಕ್ಕದ ಮೇಜಿನವರಿಗೆ ಗುರುತ್ವದ ಬೆಲೆ 10.8 ಬಂತು. "ತಪ್ಪು ಬಂದಿದೆ, ಸರಿ ಮಾಡಿ" ಅಂತ ಹೇಳಿ ಕಳಿಸಿದರು. ಅವರು ಏನು ಸರಿ ಮಾಡಿದರು? 9.8ರಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದರು. ರೆಕಾರ್ಡಿಗೆ ಸಹಿ ಬಿತ್ತು. ಆದರೆ 10.8 ಅನ್ನೋದು ಎಂಥ ಒಳ್ಳೆಯ ಸಂಖ್ಯೆ ಗೊತ್ತಾ? ಲೋಲಕ ಬಿಟ್ಟ ಕ್ಷಣವನ್ನೇ 'ಒಂದು' ಅಂತ ಎಣಿಸಿದರೆ 20 ಅನ್ನುವಾಗ ನಿಜವಾಗಿ ಆಗಿರುವುದು 19 ಆಂದೋಲನ. ಆ ಸಮಯವನ್ನು 20ರಿಂದ ಭಾಗಿಸಿ ಸೂತ್ರಕ್ಕೆ ಹಾಕಿದರೆ ಹತ್ತಿರ ಹತ್ತಿರ 10.8, 10.9 ಬರುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗಬೇಕು ಅನ್ನುವ ಪಾಠ ಆ ಸಂಖ್ಯೆಯ ಒಳಗೇ ಇತ್ತು. ಅದನ್ನು ಹುಡುಕಿದವರಿಗೆ ಅಂಕ ಇಲ್ಲ, ಸುಳ್ಳು ಬರೆದವರಿಗೆ ಇದೆ. ವಿಜ್ಞಾನದ ಲ್ಯಾಬಿನಲ್ಲಿ ನಾವು ಮೊದಲು ಕಲಿಯುವುದು ಸುಳ್ಳು ರೀಡಿಂಗ್ ಬರೆಯುವುದನ್ನು. ಇದಕ್ಕಿಂತ ಖಾರವಾಗಿ ಹೇಳಬೇಕು ಅನಿಸುತ್ತದೆ, ಬೇಡ ಬಿಡಿ.

ಇದೆಲ್ಲ ಒಬ್ಬ ವಿದ್ಯಾರ್ಥಿಯ ಗೊಣಗಾಟ ಅಂತ ನೀವು ಪಕ್ಕಕ್ಕಿಡಬಹುದು. ಆದರೆ ನಿಮ್ಮ ಕ್ಷೇತ್ರದವರೇ ಇದನ್ನು ಅಳೆದು ನೋಡಿದ್ದಾರೆ. ಡೇವಿಡ್ ಹೆಸ್ಟೆನೆಸ್ ಮತ್ತು ಜೊತೆಗಾರರು 1992ರಲ್ಲಿ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ' ಅನ್ನುವ, ಬಲ ಎಷ್ಟು ಅರ್ಥವಾಗಿದೆ ಅಂತ ಅಳೆಯುವ ಪರೀಕ್ಷೆ ಪ್ರಕಟಿಸಿದರು. ಎಲ್ಲವೂ ಆಯ್ಕೆಯ ಪ್ರಶ್ನೆ, ಲೆಕ್ಕ ಮಾಡುವುದೇನೂ ಇಲ್ಲ. ಅದರಲ್ಲಿರುವ ತಪ್ಪು ಆಯ್ಕೆಗಳೆಲ್ಲ ವಿದ್ಯಾರ್ಥಿಗಳು ನಿಜವಾಗಿ ನಂಬುವ ತಪ್ಪುಗಳು. ಹಾರ್ವರ್ಡ್‌ನಲ್ಲಿ ಕಲಿಸುತ್ತಿದ್ದ ಎರಿಕ್ ಮಜೂರ್ ತನ್ನ ವಿದ್ಯಾರ್ಥಿಗಳಿಗೆ ಇಂಥದು ಸುಲಭ ಅಂದುಕೊಂಡೇ ಕೊಟ್ಟಿದ್ದರು. ಕಷ್ಟದ ಲೆಕ್ಕಗಳನ್ನು ಸರಾಗವಾಗಿ ಮಾಡುತ್ತಿದ್ದವರೇ ಇದರಲ್ಲಿ ಎಡವಿದರು. ನೀವು ಕಲಿಸಿದಂತೆ ಉತ್ತರ ಬರೆಯಬೇಕಾ, ನಾನು ಯೋಚಿಸುವ ರೀತಿಯಲ್ಲಿ ಬರೆಯಬೇಕಾ ಅಂತ ಒಬ್ಬ ವಿದ್ಯಾರ್ಥಿ ಕೇಳಿದರಂತೆ. ನಮ್ಮ ತರಗತಿಯಲ್ಲಿ ಇದೇ ಪ್ರಶ್ನೆ ಎಲ್ಲರ ತಲೆಯಲ್ಲೂ ಇತ್ತು, ಬಾಯಿಬಿಟ್ಟು ಕೇಳುವ ಧೈರ್ಯ ಇರಲಿಲ್ಲ.

1998ರಲ್ಲಿ ರಿಚರ್ಡ್ ಹೇಕ್ ಅನ್ನುವವರು 62 ಕೋರ್ಸುಗಳ 6,000ಕ್ಕೂ ಜಾಸ್ತಿ ವಿದ್ಯಾರ್ಥಿಗಳು ಇಂಥ ಪರೀಕ್ಷೆಗಳಲ್ಲಿ ತೆಗೆದ ಅಂಕ ಒಟ್ಟು ಹಾಕಿ ನೋಡಿದರು. ಪಾಠಕ್ಕೆ ಮೊದಲು ಗೊತ್ತಿಲ್ಲದೆ ಇದ್ದುದರಲ್ಲಿ ಎಷ್ಟು ಪಾಲು ಪಾಠದ ನಂತರ ಗೊತ್ತಾಯಿತು ಅನ್ನುವುದು ಅವರ ಅಳತೆ. ಬರೀ ಭಾಷಣದ ತರಗತಿಗಳಲ್ಲಿ ಅದು ಸರಾಸರಿ 0.23. ವಿದ್ಯಾರ್ಥಿಗಳು ಊಹಿಸಿ, ವಾದ ಮಾಡಿ, ಆಮೇಲೆ ಪರೀಕ್ಷಿಸಿ ನೋಡುವಂಥ ತರಗತಿಗಳಲ್ಲಿ 0.48. ಅಂದರೆ ಎರಡು ಪಟ್ಟು. ಇಷ್ಟು ವರ್ಷಗಳಾದವು. ಇದು ನಿಮ್ಮ ಕಿವಿಗೆ ಬಿದ್ದಿಲ್ಲ ಅಂದರೆ ನಂಬುವುದು ಕಷ್ಟ.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟು. ಪ್ರಶ್ನೆಪತ್ರಿಕೆಯಲ್ಲಿ ಈ ಪಾಠಗಳಿಗೆ ಇರುವ ಅಂಕದಲ್ಲಿ ಕಾಲು ಭಾಗವಾದರೂ ಸಂಖ್ಯೆಯೇ ಇಲ್ಲದ ಪ್ರಶ್ನೆಗಳಿಗೆ ಮೀಸಲಿಡಿ. ಬಾಣ ಹಾಕಿ ಬಲ ತೋರಿಸುವುದು, ಜಾಸ್ತಿನಾ ಕಡಿಮೆನಾ ಸಮನಾ ಅಂತ ಹೇಳಿ ಕಾರಣ ಕೊಡುವುದು, ಅಂಥವು. ವೇಗ ಮತ್ತು ಕಾಲದ ಗ್ರಾಫ್ ಕೊಟ್ಟು ಅದರ ಕಥೆಯನ್ನು ಮಾತಿನಲ್ಲಿ ಬರೆಯಲು ಹೇಳಬಹುದು. ಕೀ ಆನ್ಸರ್ ಅಂತಿಮ ಮಾಡುವ ಮೊದಲು ಕ್ರಿಯೆ-ಪ್ರತಿಕ್ರಿಯೆಯ ಉದಾಹರಣೆಗಳನ್ನು ಒಬ್ಬರು ಕೂತು ಪರಿಶೀಲಿಸಲಿ, ದಯವಿಟ್ಟು. ಘರ್ಷಣೆಯನ್ನು ಮೊದಲನೇ ನಿಯಮದ ಜೊತೆಗೇ ತನ್ನಿ. ಲ್ಯಾಬಿನಲ್ಲಿ ಉತ್ತರ 9.8ಕ್ಕೆ ಎಷ್ಟು ಹತ್ತಿರ ಇದೆ ಅಂತ ಅಂಕ ಕೊಡುವುದನ್ನು ಬಿಟ್ಟು, ದೂರ ಹೋಗಿದ್ದರೆ ಯಾಕೆ ಹೋಯಿತು ಅಂತ ಬರೆದವರಿಗೆ ಕೊಡಿ.

ಇನ್ನೊಂದು ಆಸೆಯೂ ಇದೆ. ಚಲನೆಯ ಸಮೀಕರಣ ಹೇಳಿಕೊಡುವ ಮೊದಲು ಒಂದು ಉದ್ದ ಹಲಗೆಯನ್ನು ಸ್ವಲ್ಪವೇ ಓರೆ ಮಾಡಿ ಗೋಲಿ ಉರುಳಿಸಲು ಬಿಡಿ. ಗೆಲಿಲಿಯೋ ಸಮಯ ಅಳೆಯಲು ಪಾತ್ರೆಯಿಂದ ಸುರಿದ ನೀರನ್ನು ತೂಗುತ್ತಿದ್ದ, ನಮ್ಮ ಹತ್ತಿರ ಫೋನಿನ ಕ್ಯಾಮೆರಾ ಇದೆ. ಸಮ ಸಮ ಅವಧಿಯಲ್ಲಿ ಗೋಲಿ ಹೋಗುವ ದೂರ 1, 3, 5, 7ರ ಅನುಪಾತದಲ್ಲಿ ಹೆಚ್ಚುತ್ತಾ ಹೋಗುತ್ತದೆ. ಕೂಡಿಸುತ್ತಾ ಹೋದರೆ 1, 4, 9, 16. ಟಿ ವರ್ಗ ಎಲ್ಲಿಂದ ಬಂತು ಅಂತ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಮಯ ಇಲ್ಲ ಅನ್ನುತ್ತೀರಿ. ಒಂದೇ ಸೂತ್ರದ ಮೇಲೆ ಬೆಲೆ ಬದಲಿಸಿ ಮಾಡಿಸುವ ಲೆಕ್ಕಗಳಲ್ಲಿ ಅರ್ಧ ಕಡಿಮೆ ಮಾಡಿ, ಸಮಯ ಸಿಗುತ್ತದೆ. ವ್ಯಾಲ್ಯುಯೇಷನ್ ಕಷ್ಟ ಅನ್ನುತ್ತೀರಿ. ಇದನ್ನು ಒಪ್ಪುತ್ತೇನೆ. ನೂರಾರು ಉತ್ತರಪತ್ರಿಕೆ ಎದುರಿಗಿದ್ದಾಗ ಕಾರಣ ಓದಿ ಅಂಕ ಕೊಡುವುದು 25 ಮೀಟರ್ ಅಂತ ನೋಡಿ ಟಿಕ್ ಹಾಕಿದಷ್ಟು ಸಲೀಸಲ್ಲ. ಆದರೆ ಬಾಣದ ಚಿತ್ರ ನೋಡಲು ಒಂದು ನೋಟ ಸಾಕು. ಆಯ್ಕೆಯ ಪ್ರಶ್ನೆಗೆ ಒಂದು ಸಾಲಿನ ಕಾರಣ ಸೇರಿಸಿದರೂ ಆಯಿತು.

ಮುಂದಿನ ಪ್ರಶ್ನೆಪತ್ರಿಕೆಗೆ ಒಂದನ್ನು ನಾನೇ ಕೊಡುತ್ತೇನೆ, ಬೇಕಾದರೆ ಹಾಗೇ ಬಳಸಿ. ಒಂದು ಲಿಫ್ಟ್ ಒಂದೇ ವೇಗದಲ್ಲಿ ಮೇಲಕ್ಕೆ ಹೋಗುತ್ತಿದೆ. ಘರ್ಷಣೆ ಇಲ್ಲ ಅಂತ ಇಟ್ಟುಕೊಳ್ಳಿ. ಕೇಬಲ್ ಮೇಲಕ್ಕೆ ಎಳೆಯುವ ಬಲ ಲಿಫ್ಟಿನ ತೂಕಕ್ಕಿಂತ ಜಾಸ್ತಿನಾ, ಕಡಿಮೆನಾ, ಸಮನಾ? ಎರಡು ವಾಕ್ಯದಲ್ಲಿ ಕಾರಣ ಬರೆಯಿರಿ. 3 ಅಂಕ.

ಇಂತಿ,
ನಿಮ್ಮ ಪರೀಕ್ಷೆ ಪಾಸು ಮಾಡಿದ ಒಬ್ಬ ವಿದ್ಯಾರ್ಥಿ